ಮಸರಕಲ್ಲಿನ ಕಂಕಣ ಗ್ರಹಣ

ಮಸರಕಲ್
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಣ್ಣ ಹನುಮೇಶನಿಗೆ,

ಫೋನು ಇರುವಾಗ ಇವಳಿಗೇನು ಪತ್ರದ ಹುಚ್ಚು ಎಂದು ನಗಬೇಡ. ನಮ್ಮ ಮನೆಯಲ್ಲಿ ಇರುವುದು ಒಂದೇ ಫೋನು. ಯಾರು ಮಾತಾಡಿದರೂ ಸ್ಪೀಕರ್ ಹಾಕಿ ಮನೆಮಂದಿಯೆಲ್ಲ ಸುತ್ತ ಕೂತು ಕೇಳುತ್ತಾರೆ. ನೀನು "ಉಂಡ್ಯಾ?" ಎಂದರೆ ನನಗಿಂತ ಮೊದಲು ನಮ್ಮತ್ತೆ ಉತ್ತರ ಕೊಡುತ್ತಾರೆ. ಅಂಗನವಾಡಿಯ ಮಹಾಂತಮ್ಮ ಟೀಚರು ಮೀಟಿಂಗಿಗೆಂದು ದೇವದುರ್ಗಕ್ಕೆ ಹೋಗುವಾಗ ಇದನ್ನು ಪೆಟ್ಟಿಗೆಗೆ ಹಾಕುತ್ತಾರೆ. ನೀನೂ ಅವರ ವಿಳಾಸಕ್ಕೇ ಬರಿ.

ಹೋದ ಭಾನುವಾರ ಚಂದ್ರಗ್ರಹಣ ಆಯಿತಲ್ಲ, ಅಂದಿನಿಂದ ಅತ್ತೆಯ ಬಾಯಲ್ಲಿ ಬೇರೆ ಮಾತಿಲ್ಲ. ಭಾಗ್ಯಜ್ಯೋತಿ ಹೊಟ್ಟೆಯಲ್ಲಿ ಆರು ತಿಂಗಳಿದ್ದಾಗ ನೀನು ನನ್ನನ್ನು ಮಾನ್ವಿಯ ನಿನ್ನ ಶಾಲೆಯ ಮೈದಾನಕ್ಕೆ ಕರೆದೊಯ್ದು, ಕಪ್ಪು ಕನ್ನಡಕ ಹಾಕಿಸಿ ಸೂರ್ಯಗ್ರಹಣ ತೋರಿಸಿದ್ದೆ. ಅದಕ್ಕೇ ಮಗುವಿಗೆ ಕಿವಿ ಕೇಳುವುದಿಲ್ಲ ಎಂಬುದು ಅವರ ತೀರ್ಮಾನ. ಮೂರು ವರ್ಷದ ಹಿಂದೆ ದೀಪಾವಳಿ ಸಮಯದ ಗ್ರಹಣದಲ್ಲಿ ಕಿವಿ ಬರಲೆಂದು ಅವಳನ್ನು ತಿಪ್ಪೆಯಲ್ಲಿ ಕುತ್ತಿಗೆವರೆಗೆ ಹೂತು ಕೂರಿಸಿದ್ದು ನಿನಗೆ ಗೊತ್ತು. ನೀನು ಆರು ತಿಂಗಳು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಅದರಿಂದ ಏನೂ ಆಗಲಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಅತ್ತೆ, "ಅದು ಕಂಕಣ ಅಲ್ಲ, ಬರೇ ತುಣುಕು. ಕಂಕಣದಾಗ ಹೋಗಿದ್ದು ಕಂಕಣದಾಗ ಬರಬೇಕು" ಎಂದರು.

ಈಗ ಅವರಿಗೆ ನಮ್ಮೂರಿನ ಮೇಲೆ ಕಂಕಣ ಗ್ರಹಣ ಯಾವಾಗ ಎಂದು ಗೊತ್ತಾಗಬೇಕು. ನಿನ್ನ ಉಳಿದ ಯಾವ ಮಾತನ್ನೂ ನಂಬದವರು ಈ ಒಂದು ವಿಷಯಕ್ಕೆ ನಿನ್ನನ್ನೇ ಕೇಳು ಎನ್ನುತ್ತಾರೆ. "ಮಾಸ್ತರ್ ನಿಮಿಷ ಸೈತ ತಪ್ಪಂಗಿಲ್ಲ" ಎಂದು ಇವರದೂ ಸರ್ಟಿಫಿಕೇಟು. ಬರೆದು ಕಳಿಸು.

ನಿನ್ನ ತಂಗಿ,
ಉಮಾದೇವಿ


ಮಾನ್ವಿ
೨೧ ಸೆಪ್ಟೆಂಬರ್ ೨೦೨೫

ತಂಗಿ ಉಮಾಗೆ,

ಈ ಪತ್ರವನ್ನು ಮನೆಯವರ ಮುಂದೆ ಜೋರಾಗಿ ಓದು. ಯಂಕಮ್ಮತ್ತೆಗೆ ಒಂದಕ್ಷರವೂ ತಪ್ಪದಂತೆ ಕೇಳಲಿ.

ಚಂದ್ರ ನಮ್ಮಿಂದ ದೂರ ಇದ್ದಾಗ ಸಣ್ಣದಾಗಿ ಕಾಣುತ್ತಾನೆ. ಆಗ ಅವನು ಸೂರ್ಯನ ನಟ್ಟನಡುವೆ ಬಂದರೂ ಪೂರ್ತಿ ಮುಚ್ಚಲಾರ. ಸುತ್ತಲೂ ಉಳಿಯುವ ಬೆಳಕಿನ ಅಂಚೇ ಕಂಕಣ. ಆದರೆ ಅದು ಎಲ್ಲರಿಗೂ ಕಾಣುವುದಿಲ್ಲ. ಭೂಮಿಯ ಮೇಲೆ ಒಂದು ಉದ್ದನೆಯ ಪಟ್ಟಿಯೊಳಗೆ ನಿಂತವರಿಗೆ ಮಾತ್ರ ಕಂಕಣ. ಪಟ್ಟಿಯ ಹೊರಗಿನವರಿಗೆ ಕಚ್ಚಿದ ರೊಟ್ಟಿ. ೨೦೧೯ರ ಡಿಸೆಂಬರಿನಲ್ಲಿ ಪಟ್ಟಿ ಮಂಗಳೂರಿನ ಕಡೆ ಹೋಯಿತು. ಮಾನ್ವಿಯಲ್ಲಿ ನೀನೂ ನಾನೂ ನೋಡಿದ್ದು ಕಚ್ಚಿದ ರೊಟ್ಟಿಯನ್ನೇ. ಅಂದಮೇಲೆ ಕಂಕಣದಲ್ಲಿ ಹೋಯಿತು ಎನ್ನುವುದೇ ತಪ್ಪು. ಮಗುವಿನ ಕಿವಿಯ ನರ ಹುಟ್ಟಿನಿಂದಲೇ ಹಾಗಿದೆ ಎಂದು ರಾಯಚೂರಿನಲ್ಲಿ ಎರಡು ಸಲ ಪರೀಕ್ಷೆ ಮಾಡಿ ಹೇಳಿದ್ದಾರೆ.

ಇನ್ನು ಮುಂದಿನ ಲೆಕ್ಕ. ಗ್ರಹಣದ ಪಟ್ಟಿ ಹಾಯುವ ಜಾಗಗಳ ಅಕ್ಷಾಂಶ ರೇಖಾಂಶಗಳ ಕೋಷ್ಟಕ ನನ್ನ ಬಳಿ ಇದೆ. ಒಂದೊಂದಕ್ಕೂ ಚುಕ್ಕಿಯಿಟ್ಟು, ಬೆಣ್ಣೆ ಕಾಗದದ ಮೇಲೆ ಗೆರೆ ಎಳೆದು, ಭೂಪಟದ ಮೇಲಿಟ್ಟು ನೋಡಿದೆ. ಬರುವ ಫೆಬ್ರವರಿ ಹದಿನೇಳಕ್ಕೆ ಕಂಕಣ ಇದೆ, ದಕ್ಷಿಣ ಧ್ರುವದ ಹಿಮದ ಮೇಲೆ. ಅಲ್ಲಿ ಮನುಷ್ಯರೇ ಕಡಿಮೆ. ೨೦೨೭ರದು, ೨೦೨೮ರದು, ೨೦೩೦ರದು ಎಲ್ಲವೂ ಬೇರೆ ದೇಶಗಳ ಪಾಲು. ೨೦೨೭ರ ಆಗಸ್ಟಿನಲ್ಲಿ ನಮಗೆ ಒಂದು ತುಣುಕು ಕಾಣುತ್ತದೆ, ಅದು ಕಂಕಣವಲ್ಲ. ೨೦೩೧ರ ಮೇ ಇಪ್ಪತ್ತೊಂದಕ್ಕೆ ಕಂಕಣ ಕೇರಳದ ಮೇಲೆ ಹಾದು ಮದುರೈ ಕಡೆ ಹೋಗುತ್ತದೆ. ಅಂದೂ ದೇವದುರ್ಗ ತಾಲ್ಲೂಕಿಗೆ ಕಚ್ಚಿದ ರೊಟ್ಟಿಯೇ ಗತಿ.

ನಾನು ನೋಡಿದ ಯಾವ ಗೆರೆಯೂ ಮಸರಕಲ್ಲನ್ನು ಮುಟ್ಟಲಿಲ್ಲ. ಆದ್ದರಿಂದ ಕಾಯುವುದಕ್ಕೆ ಏನೂ ಉಳಿದಿಲ್ಲ. ಕಿವಿಯೊಳಗೆ ಯಂತ್ರ ಇಡುವ ಆಪರೇಷನ್ ಸರ್ಕಾರದಿಂದ ಪುಕ್ಕಟೆ ಆಗುತ್ತದೆ, ಆದರೆ ಆರು ವರ್ಷ ತುಂಬುವ ಮೊದಲು. ಭಾಗ್ಯಳಿಗೆ ಏಪ್ರಿಲ್ ನಾಲ್ಕಕ್ಕೆ ಆರು ತುಂಬುತ್ತದೆ. ತಂದೆಯಾಗಿ ರೇವಣಸಿದ್ದ ಒಂದು ಸಹಿ ಹಾಕಿದರೆ ಸಾಕು.

ನಿನ್ನ ಅಣ್ಣ,
ಹನುಮೇಶ


ಮಸರಕಲ್
೧೨ ಅಕ್ಟೋಬರ್ ೨೦೨೫

ಅಣ್ಣಾ,

ನೀನು ಹೇಳಿದಂತೆ ಜೋರಾಗಿ ಓದಿದೆ. ಓದಬಾರದಿತ್ತು.

ಅತ್ತೆ ಮೊದಲಿಂದ ಕೊನೆವರೆಗೆ ಕೇಳಿದರು. ರೊಟ್ಟಿಯ ಮಾತಿಗೆ ಇವರು ನಕ್ಕರು. ಮದುರೈ ಬಂದಾಗ ಇವರು, "ಇನ್ನೊಮ್ಮೆ ಓದು" ಎಂದರು. ಓದಿದೆ. ಎದ್ದುಹೋಗಿ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ೨೧-೫-೨೦೩೧ ಎಂದು ಬರೆದರು.

"ಐದೂವರಿ ವರ್ಷ ಬೇ ಯವ್ವಾ, ಕಣ್ಣು ಮುಚ್ಚಿ ತೆರಿಯೂದ್ರಾಗ ಬರ್ತದ" ಎಂದು ಅತ್ತೆಗೆ ಹೇಳುವಾಗ ಇವರ ಮುಖ ನೋಡಬೇಕಿತ್ತು ನೀನು. ಮದುವೆಯ ದಿನ ಸಹ ಅಷ್ಟು ಬೆಳಕು ಇರಲಿಲ್ಲ ಆ ಮುಖದಲ್ಲಿ. ಕಂಕಣ ನಮ್ಮೂರಿಗೆ ಬರದಿದ್ದರೆ ನಾವೇ ಅದರ ಊರಿಗೆ ಹೋದರಾಯಿತು ಎಂದು ಇಬ್ಬರೂ ಒಂದೇ ಮಾತಿಗೆ ಬಂದರು. ರಾಯಚೂರಿನಲ್ಲಿ ರೈಲು ಹತ್ತುವುದು. ಪರಊರಿನ ತಿಪ್ಪೆ ಆಗಿಬರುವುದಿಲ್ಲವಂತೆ. ನಮ್ಮ ಕುರಿಹಟ್ಟಿಯ ಗೊಬ್ಬರವನ್ನೇ ನಾಲ್ಕು ಚೀಲ ತುಂಬಿ ಒಯ್ಯಬೇಕಂತೆ. ರೈಲಿನಲ್ಲಿ ಗೊಬ್ಬರ ಬಿಡುತ್ತಾರೋ ಇಲ್ಲವೋ ಎಂದು ಇವರು ಸೀರಿಯಸ್ಸಾಗಿ ಚಿಂತೆ ಮಾಡುತ್ತಿದ್ದಾರೆ. ನಗಬೇಕೋ ಅಳಬೇಕೋ ತಿಳಿಯದೆ ಒಲೆ ಮುಂದೆ ಕೂತೆ.

ಆಪರೇಷನ್ ಮಾತು ತೆಗೆದೆ. "ಗ್ರಹಣಕ್ಕಿಂತ ಮೊದಲ ತಲಿ ಕೊಯ್ಸಿದ್ರ ಕೊಡೋ ದೇವರರ ಹ್ಯಾಂಗ ಕೊಟ್ಟಾನು?" ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಬರುವುದಿಲ್ಲ ಎಂದಷ್ಟೇ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಅಣ್ಣಾ. ನಿನಗೆ ಪೂರ್ತಿ ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಉಮಾ


ಮಾನ್ವಿ
೨೬ ಅಕ್ಟೋಬರ್ ೨೦೨೫

ಉಮಾ,

ಹೋದ ಭಾನುವಾರ ನಿಮ್ಮಲ್ಲಿಗೆ ಜಗಳ ಮಾಡಲೆಂದೇ ಬಂದಿದ್ದೆ. ನಿಮ್ಮತ್ತೆ ಕಾಲಿಗೆ ನೀರು ಕೊಟ್ಟು, ಹೋಳಿಗೆ ಬಡಿಸಿ, "ನೀವು ತಾರೀಕು ಹೇಳಿ ನಮ್ಮ ಮನಿ ಉಳಿಸಿದ್ರಿ ಮಾಸ್ತರ್ರ" ಎಂದರು. ನಾನು ಬಾಯಿ ತೆರೆದಾಗಲೆಲ್ಲ ರೇವಣಸಿದ್ದ ಗೋಡೆಯ ತಾರೀಕು ತೋರಿಸಿ, "ಇದು ನಿಮ್ಮ ಲೆಕ್ಕನ ಹೌದಿಲ್ರಿ?" ಎಂದು ಕೇಳುತ್ತಿದ್ದ. ಹೌದು ಎನ್ನದೆ ಏನು ಹೇಳಲಿ? ಹೌದು. ನನ್ನ ಲೆಕ್ಕವೇ.

ಬರುವಾಗ ರಾಯಚೂರಿಗೆ ಹೋಗಿ, ಭಾಗ್ಯಳ ಕಿವಿ ಪರೀಕ್ಷೆ ಮಾಡಿದ ಉಮ್ಮೇ ಕುಲ್ಸುಮ್ ಮೇಡಂ ಅವರ ಮನೆ ಹುಡುಕಿ ಮಾತಾಡಿದೆ. ಫೆಬ್ರವರಿ ಇಪ್ಪತ್ತಾರಕ್ಕೆ ಆಪರೇಷನ್ನಿನ ಕೊನೆಯ ಕ್ಯಾಂಪು. ತಂದೆ ಬಂದು ಸಹಿ ಮಾಡಲೇಬೇಕು. ಮಿದುಳು ಶಬ್ದ ಕಲಿಯುವ ವಯಸ್ಸು ಅಂತ ಒಂದಿರುತ್ತದೆ, ಈಗಾಗಲೇ ತಡವಾಗಿದೆ, ಹನ್ನೊಂದು ವರ್ಷಕ್ಕೆ ಯಂತ್ರ ಇಟ್ಟರೆ ಸದ್ದು ಬಿದ್ದೀತು, ಮಾತು ಬರುವುದು ಕಷ್ಟ ಎಂದರು. ನಾನು ಗ್ರಹಣದ ಕಥೆ ಹೇಳಿದೆ. ಅವರು ನಗಲಿಲ್ಲ. "ನೀವು ಅವರಿಗೆ ೨೦೩೧ ಅಂತ ಯಾಕ್ರೀ ಹೇಳಿದ್ರಿ?" ಎಂದು ಕೇಳಿದರು.

ನನಗೆ ಬೇರೇನೂ ತೋಚುತ್ತಿಲ್ಲ. ನಿನಗೇನಾದರೂ ತೋಚಿದರೆ ಬರಿ.

ಹನುಮೇಶ


ಮಸರಕಲ್
೧೧ ಜನವರಿ ೨೦೨೬

ಅಣ್ಣಾ,

ಟಿವಿಯಲ್ಲಿ ಈಗಿನಿಂದಲೇ ಫೆಬ್ರವರಿಯ ಕಂಕಣದ ಗದ್ದಲ ಶುರುವಾಗಿದೆ. ರಾಶಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆದರಿಸುತ್ತಿದ್ದಾರೆ. ಭಾರತದಲ್ಲಿ ಕಾಣುವುದಿಲ್ಲ ಎಂದು ಒಬ್ಬ ಹೇಳಿದ, ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಎಂದು ಇನ್ನೊಬ್ಬ ಹೇಳಿದ. ಇವರಿಗೆ ಟಿವಿಯ ಮೇಲೆ ನಂಬಿಕೆಯಿಲ್ಲ. "ಮಳಿ ಬರ್ತದಂತ ಹೇಳ್ತಾರ, ಇಲ್ಲಿ ಬರೇ ಧೂಳು. ನಿಮ್ಮಣ್ಣಗ ಇನ್ನೊಮ್ಮಿ ನೋಡಂತ ಹೇಳು, ಹೋದ ಸಲ ಅವಸರದಾಗ ಗೆರಿ ಎಳದಿರಬೇಕು" ಎಂದರು. ಐದು ವರ್ಷ ಕಾಯುವುದು ಇವರಿಗೂ ಭಾರವಾಗುತ್ತಿದೆ ಎಂದು ಆಗ ತಿಳಿಯಿತು.

ಅತ್ತೆಯೂ ಸ್ವಲ್ಪ ಮೆತ್ತಗಾಗಿದ್ದಾರೆ. ಕಂಕಣ ಒಂದು ಮುಗಿದುಬಿಟ್ಟರೆ, ಗುಣವಾಗಲಿ ಬಿಡಲಿ, ಆಮೇಲೆ ಮಷೀನಾದರೂ ಹಾಕಿಸಿ, ಏನಾದರೂ ಮಾಡಿಸಿ, ನಾನು ಅಡ್ಡ ಬರುವುದಿಲ್ಲ ಎಂದು ಇವರ ಮುಂದೆಯೇ ಹೇಳಿದರು. ಇವರೂ ಹೂಂ ಎಂದರು.

ಭಾಗ್ಯ ಈಚೆಗೆ ನನ್ನ ಗಂಟಲ ಮೇಲೆ ಕೈಯಿಟ್ಟು ಕೂರುತ್ತಾಳೆ. ನಾನು ಮಾತಾಡಿದರೆ ಅವಳ ಬೆರಳಿಗೆ ಏನೋ ಆಗುತ್ತದಲ್ಲ, ಅದಕ್ಕೆ ನಗುತ್ತಾಳೆ. ನಾನು ಸುಮ್ಮನಾದರೆ ಗಂಟಲು ಒತ್ತಿ ಮಾತಾಡು ಎಂದು ಸನ್ನೆ ಮಾಡುತ್ತಾಳೆ.

ನಮ್ಮ ಮನೆಯಲ್ಲಿ ಗ್ರಹಣವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ನಿನಗೆ ಗೊತ್ತು. ಕುರಿಹಟ್ಟಿ ಊರಿನಿಂದ ದೂರ, ಹೊಲದಲ್ಲಿದೆ. ಅಲ್ಲಿ ನಾವೇ ನಾಲ್ಕು ಜನ ಇರುತ್ತೇವೆ, ಎಲ್ಲರೂ ತಲೆ ತಗ್ಗಿಸಿ ಕೂರುತ್ತೇವೆ. ಇದನ್ನು ಸುಮ್ಮನೆ ಬರೆದೆ.

ಉಮಾ


ಮಾನ್ವಿ
೨೫ ಜನವರಿ ೨೦೨೬

ಉಮಾ,

ಇದರಲ್ಲಿ ಎರಡು ಹಾಳೆ ಇವೆ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆದದ್ದು ಮನೆಯವರಿಗೆ. ಇದು ನಿನಗೆ. ಓದಿ ಒಲೆಗೆ ಹಾಕು.

ಸುಮ್ಮನೆ ಬರೆದೆ ಎಂದಿದ್ದೀಯ. ನೀನು ಐದನೇ ತರಗತಿಯಲ್ಲಿ ನನ್ನ ಪೆನ್ನು ಬೇಕಾದಾಗಲೂ ಹೀಗೆಯೇ ಸುಮ್ಮನೆ ಹತ್ತಿರ ಬಂದು ಕೂರುತ್ತಿದ್ದೆ. ಹತ್ತು ದಿನ ಆ ಸಾಲನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಮುಂದೆ ನಿಂತು, ನೋಡಿದ್ದನ್ನು ನಂಬಿ, ನೋಡದ್ದನ್ನು ಲೆಕ್ಕ ಹಾಕಿ ನಂಬಿ ಎಂದು ಪಾಠ ಮಾಡುವವನು ನಾನು. ಒಂದು ಗ್ರಹಣವನ್ನು ಕದ್ದು ಇನ್ನೊಂದು ಊರಿಗೆ ತರುವ ಕೆಲಸ ಬಂತಲ್ಲ ಎಂದು ನನಗೇ ನಾಚಿಕೆಯಾಗುತ್ತಿದೆ. ಆದರೆ ಸತ್ಯ ಬರೆದು ಆ ಮಗುವಿನ ಐದು ವರ್ಷ ತಿಂದವನೂ ನಾನೇ.

ಆ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: ಮರುಪರಿಶೀಲನೆ ಮಾಡಲಾಗಿ, ಫೆಬ್ರವರಿ ಹದಿನೇಳು, ಮಂಗಳವಾರ, ಸಂಜೆ ಐದು ಗಂಟೆ ಹನ್ನೆರಡು ನಿಮಿಷದಿಂದ ಆರು ಗಂಟೆ ಹನ್ನೊಂದು ನಿಮಿಷದವರೆಗೆ ಕಂಕಣದ ಅವಧಿ, ಸ್ಥಳ, ಮಸರಕಲ್. ನಿಮಿಷಗಳಲ್ಲಿ ಒಂದೂ ಸುಳ್ಳಿಲ್ಲ. ಅದೇ ಹೊತ್ತಿಗೆ ಆ ಹಿಮದ ನಾಡಿನ ಮೇಲೆ ಕಂಕಣದ ನೆರಳು ಹಾಯುತ್ತಿರುತ್ತದೆ. ಹೊತ್ತು ನಿಜ, ಊರು ಮಾತ್ರ ಸುಳ್ಳು. ಬೇರೆ ಸಮಯ ಬರೆಯಲು ಕೈ ಬರಲಿಲ್ಲ.

ಹೊತ್ತು ಮುಳುಗುವ ವೇಳೆಯಾದ್ದರಿಂದ ಬೆಳಕು ತಾನಾಗಿಯೇ ಇಳಿಯುತ್ತಿರುತ್ತದೆ. ಯಾರಿಗೂ ಅನುಮಾನ ಬರಲಿಕ್ಕಿಲ್ಲ. ಗೊಬ್ಬರ ಒಣಗಿದ್ದಿರಲಿ, ಎದೆಯ ಮಟ್ಟಕ್ಕಿಂತ ಮೇಲೆ ಬಿಗಿಯಾಗಿ ಒತ್ತದಂತೆ ನೋಡಿಕೊ. ಅವಳ ಕೈ ಹಿಡಿದೇ ಇರು. ಇಪ್ಪತ್ತಾರರ ಬೆಳಿಗ್ಗೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ.

ಹನುಮೇಶ


ಮಸರಕಲ್
೧೯ ಫೆಬ್ರವರಿ ೨೦೨೬

ಅಣ್ಣಾ,

ಎಲ್ಲವೂ ನೀನು ಬರೆದ ಹಾಗೆಯೇ ಆಯಿತು. ಅದಕ್ಕಿಂತ ಹೆಚ್ಚೇ ಆಯಿತು. ನಿಧಾನವಾಗಿ ಓದು.

ಐದಕ್ಕೆಲ್ಲ ತಗ್ಗು ತೋಡಿ, ಹಳೆಯ ಕಂಬಳಿ ಸುತ್ತಿ ಭಾಗ್ಯಳನ್ನು ಇಳಿಸಿದೆವು. ಹೋದ ಸಲ ಅತ್ತಂತೆ ಈ ಸಲ ಅಳಲಿಲ್ಲ. ಇದೂ ಒಂದು ಆಟ ಎಂದುಕೊಂಡಳೋ ಏನೋ. ಕೈ ಒಳಗೇ ಇರಬೇಕು ಎಂದು ಅತ್ತೆ ಹಟ ಹಿಡಿದರು, ನನಗೆ ಹಿಡಿಯಲು ಬರೀ ಅವಳ ಮುಖ ಉಳಿಯಿತು. ಇವರು ಅವಳ ಮುಂದೆ ಮಂಡಿಯೂರಿ ಕೂತರು. ಅತ್ತೆ ಸೆರಗು ಮುಖದ ಮೇಲೆ ಎಳೆದುಕೊಂಡರು. ನಾನೊಬ್ಬಳು ಒಮ್ಮೆ ಕದ್ದು ಮೇಲೆ ನೋಡಿದೆ. ಸೂರ್ಯ ದುಂಡಗೆ, ಇಡಿಯಾಗಿ, ಕೆಂಪಗೆ ಇದ್ದ. ನನಗೆ ಅವನ ಮುಂದೆಯೇ ನಾಚಿಕೆಯಾಯಿತು.

ಆರು ಗಂಟೆಯಾಗಿ ಸ್ವಲ್ಪ ಹೊತ್ತಿಗೆ ನಮ್ಮ ಹಿಂದಿನ ದಾರಿಯಲ್ಲಿ ಹತ್ತಿಕಟ್ಟಿಗೆ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಅದು ಹತ್ತಿರ ಬರುತ್ತಿದ್ದಂತೆ ಭಾಗ್ಯ ಕಣ್ಣು ಅಗಲ ಮಾಡಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡಿದಳು. ಟ್ರ್ಯಾಕ್ಟರ್ ಹೋದ ಕಡೆಗೇ ಮುಖ ತಿರುಗಿಸುತ್ತಾ ಹೋದಳು.

"ಕೇಳ್ತು! ಯವ್ವಾ, ಅದಕ ಕೇಳ್ತು ಬೇ!" ಎಂದು ಇವರು ಕೂಗಿದ್ದು ಊರಿಗೆಲ್ಲ ಕೇಳಿಸಿರಬೇಕು. ಎರಡೂ ಕೈಯಿಂದ ಗೊಬ್ಬರ ಬಗೆದು ಮಗುವನ್ನು ಎತ್ತಿಕೊಂಡು, ಹೊಲದ ತುಂಬ ಓಡಾಡಿ ಅತ್ತರು. ಅತ್ತೆ ನೆಲಕ್ಕೆ ಹಣೆ ಹಚ್ಚಿದರು.

ಅಣ್ಣಾ, ಅವಳಿಗೆ ಕೇಳಿಸಲಿಲ್ಲ. ಕುತ್ತಿಗೆವರೆಗೂ ಮಣ್ಣಿನೊಳಗಿದ್ದ ಮಗು. ನೆಲ ನಡುಗಿದ್ದು ಅವಳ ಮೈಗೆಲ್ಲ ತಾಗಿದೆ, ಅದಕ್ಕೇ ತಿರುಗಿದ್ದಾಳೆ. ಮನೆಗೆ ಬಂದು ಅವಳ ಬೆನ್ನ ಹಿಂದೆ ತಟ್ಟೆ ಬಡಿದೆ, ಹೆಸರು ಹಿಡಿದು ಕಿರುಚಿದೆ. ಅವಳು ಬಳೆ ಚೂರು ಜೋಡಿಸುತ್ತಾ ಕೂತೇ ಇದ್ದಳು.

ಇವರಿಗೆ ಹೇಳಿದೆ. "ಈಗ ಬಂದ ಕಿವಿ, ರೂಢಿ ಆಗಾಕ ದಿನ ಹಿಡಿತಾವು" ಎಂದರು. ಇಪ್ಪತ್ತಾರಕ್ಕೆ ರಾಯಚೂರಿಗೆ ಹೋಗೋಣ, ಮಾತು ಕೊಟ್ಟಿದ್ದೀರಿ ಎಂದೆ. ಕೇಳುವ ಕಿವಿಯನ್ನು ಕೊಯ್ಸಲು ನಾನೇನು ಹುಚ್ಚನೇ ಎಂದು ನಕ್ಕರು. ನೀನು ಬಾ. ನೀನೇ ಹೇಳಬೇಕು.

ಉಮಾ


ಮಾನ್ವಿ
೧ ಮಾರ್ಚ್ ೨೦೨೬

ಉಮಾ,

ನೀನು ಅಲ್ಲೇ ಇದ್ದೆ, ಎಲ್ಲವನ್ನೂ ನೋಡಿದೆ. ಆದರೂ ಬರೆಯುತ್ತಿದ್ದೇನೆ, ಬರೆಯದೆ ಇರಲಾಗುತ್ತಿಲ್ಲ.

ಇಪ್ಪತ್ತೆರಡರಂದು ಬಂದಾಗ ಬೆಣ್ಣೆ ಕಾಗದ, ಭೂಪಟ, ಕೋಷ್ಟಕ ಎಲ್ಲವನ್ನೂ ತಂದು ರೇವಣಸಿದ್ದನ ಮುಂದೆ ಹಾಸಿದೆ. ಗೆರೆ ಎಲ್ಲಿ ಹೋಗಿದೆ ನೋಡು, ಇದು ಹಿಮದ ನಾಡು, ಇದು ಮಸರಕಲ್, ನಾನು ಸುಳ್ಳು ಬರೆದೆ ಎಂದೆ. ನನ್ನ ಜೀವನದಲ್ಲಿ ಅಷ್ಟು ಸ್ಪಷ್ಟವಾಗಿ ಯಾವ ಪಾಠವನ್ನೂ ಮಾಡಿಲ್ಲ. ಅವನು ಪೂರ್ತಿ ಕೇಳಿ, ನನ್ನ ಕೈ ಹಿಡಿದುಕೊಂಡ. "ಆಪರೇಷನ್ ಮಾಡಸಾಕ ನೀವು ಏನ್ ಬೇಕಾದ್ರೂ ಹೇಳ್ತೀರಂತ ನನಗ ಗೊತ್ತದರೀ. ನಿಮಗ ನಮ್ಮ ಕೂಸಿನ ಮ್ಯಾಲ ಅಷ್ಟು ಜೀವ. ಆದ್ರ ನಾ ಕಣ್ಣಾರೆ ನೋಡೀನ್ರಿ" ಎಂದ. ನಾನು ಸುಳ್ಳು ಹೇಳಿದ್ದನ್ನು ನಂಬಿದವನು, ಸುಳ್ಳು ಹೇಳಿದೆ ಎಂಬ ಸತ್ಯವನ್ನು ನಂಬಲಿಲ್ಲ.

ಅವನ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಮಗುವಿಗಾಗಿ ಮಂಡಿಯೂರಿದ ಮನುಷ್ಯ ಅವನು.

ಇಪ್ಪತ್ತಾರರಂದು ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನೀವು ಬರುವುದಿಲ್ಲ ಎಂದು ಗೊತ್ತಿದ್ದೂ ದೇವದುರ್ಗದ ಬಸ್ಸುಗಳನ್ನೆಲ್ಲ ನೋಡಿದೆ. ಮಧ್ಯಾಹ್ನ ಕ್ಯಾಂಪಿಗೆ ಹೋದೆ. ಕುಲ್ಸುಮ್ ಮೇಡಂ ಭಾಗ್ಯಳ ಹೆಸರಿನ ಮುಂದೆ ಗೈರು ಎಂದು ಬರೆಯುವ ಮೊದಲು ನನ್ನ ಕಡೆ ನೋಡಿದರು. ಸೋದರಮಾವನ ಸಹಿ ನಡೆಯುತ್ತದೆಯೇ ಎಂದು ಕೇಳಿದೆ. ನಡೆಯುವುದಿಲ್ಲ.

ಏಪ್ರಿಲ್ ನಾಲ್ಕಕ್ಕೆ ಇನ್ನು ಮೂವತ್ತನಾಲ್ಕು ದಿನ. ಇದನ್ನು ಮಾತ್ರ ಲೆಕ್ಕ ಹಾಕಬಲ್ಲೆ.

ಹನುಮೇಶ


ಮಸರಕಲ್
೧೨ ಏಪ್ರಿಲ್ ೨೦೨೬

ಪೂಜ್ಯ ಭಾವ ಮಾಸ್ತರರಿಗೆ, ನಿಮ್ಮ ರೇವಣಸಿದ್ದನ ಶರಣು.

ನೀವು ಒಂದೂವರೆ ತಿಂಗಳಿಂದ ನಮ್ಮ ಕಡೆ ಬಂದಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಉಮಾನ ಕೇಳಿದರೆ ಪತ್ರ ಬರೀರಿ ಎಂದು ಹಾಳೆ ಕೊಟ್ಟು ಒಳಗೆ ಹೋದಳು. ನಾನು ಏಳನೆತ್ತೆ ಓದಿದವನು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಬೇಕು.

ಆ ದಿನ ನೀವು ನಕ್ಷೆ ತಂದಾಗ ನಾನು ನಿಮ್ಮ ಮಾತು ಕೇಳಲಿಲ್ಲ ಎಂದು ಬೇಜಾರಾಗಿರಬಹುದು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ನೀವು ಹೊತ್ತು ಹೇಳಿದ್ದಕ್ಕೆ ನನ್ನ ಮಗಳಿಗೆ ಕಿವಿ ಬಂತು. ನಮ್ಮವ್ವ ದಿನಾ ದೀಪ ಹಚ್ಚುವಾಗ ನಿಮ್ಮ ಹೆಸರು ತೆಗೆದುಕೊಳ್ಳುತ್ತಾಳೆ. ನಿಮ್ಮಂಥವರು ಮನೆಗೊಬ್ಬರು ಇರಬೇಕು ಎನ್ನುತ್ತಾಳೆ.

ಹೋದ ವಾರ ಭಾಗ್ಯಳಿಗೆ ಆರು ತುಂಬಿತು. ಇನ್ನು ಶಾಲೆಗೆ ಹಾಕಬೇಕು. ಇಲ್ಲಿ ಬೇಡ, ಮಾನ್ವಿಯಲ್ಲಿ ಸೋದರಮಾವನ ಮನೆಯಲ್ಲೇ ಇದ್ದು, ನಿಮಗೆ ಗೊತ್ತಿದ್ದ ಶಾಲೆಯಲ್ಲಿ ಒಂದನೆತ್ತೆ ಓದಲಿ ಎಂದು ನನ್ನ ಆಸೆ. ದಯಮಾಡಿ ಇಲ್ಲ ಎನ್ನಬೇಡಿ. ಜೂನಿನಲ್ಲಿ ನಾನೇ ಕರೆದುಕೊಂಡು ಬಂದು ಬಿಡುತ್ತೇನೆ.

ಅಲ್ಲಿನ ಟೀಚರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ. ಹುಡುಗಿಗೆ ಈಗ ಚೆನ್ನಾಗಿ ಕೇಳುತ್ತದೆ, ನಾನು ದಿನಾ ನೋಡುತ್ತೇನೆ. ಹಿಂದಿನಿಂದ ಕರೆದರೆ ತಿರುಗುತ್ತಾಳೆ. ಹೆಸರು ಕರೆಯುವಾಗ ನೆಲಕ್ಕೆ ಒಂದು ಸಲ ಕಾಲು ಬಡಿಯಬೇಕು, ಅಷ್ಟೇ.

ನಿಮ್ಮ ನಂಬಿದ,
ರೇವಣಸಿದ್ದ